ಅತ್ತೆಯ ಮಾಸ್ಟರ್ ಪಾಸ್‌ವರ್ಡ್

ಹೋದ ತಿಂಗಳು ಒಂದು ಶನಿವಾರ ಬೆಳಗ್ಗೆ ನಮ್ಮ ಅತ್ತೆ ನನಗೆ ಪಾಸ್‌ವರ್ಡ್ ಹೇಳುವುದಿಲ್ಲ ಎಂದರು.

ಎಲ್ಲಿ ನಿಂತು? ಹೂಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ, ಆಪರೇಷನ್‌ಗೆ ಸಿದ್ಧರಾಗಿ ಮಲಗಿದ್ದ ಮಾವನ ಮಂಚದ ಪಕ್ಕದಲ್ಲಿ ನಿಂತು. ಇನ್ನರ್ಧ ಗಂಟೆಯಲ್ಲಿ ಮಾವನನ್ನು ಒಳಗೆ ತಳ್ಳಿಕೊಂಡು ಹೋಗುವವರಿದ್ದರು. ಅವರಿಗೆ ಯಾವ ಔಷಧಿ ಕೊಡಲೇಬಾರದು ಎಂಬ ಸಂಗತಿ ಆ ಪಾಸ್‌ವರ್ಡಿನ ಹಿಂದೆ ಭದ್ರವಾಗಿ ಕೂತಿತ್ತು.

ನಾನು ನಾಲ್ಕು ಗಂಟೆ ಡ್ರೈವಿನಷ್ಟು ದೂರ, ಡಲ್ಲಾಸ್ ಪಕ್ಕದ ಫ್ಲವರ್ ಮೌಂಡಿನ ನಮ್ಮ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ನಿಂತಿದ್ದೆ. "ಅತ್ತೆ, ಪ್ಲೀಸ್ ಹೇಳಿ" ಎಂದೆ.

"ಆಗಲ್ಲಮ್ಮ ಶುಭಾ" ಎಂದರು.

(ತಾಳಿ. ಈಗಲೇ ಅತ್ತೆಯನ್ನು ಬೈದುಕೊಳ್ಳಬೇಡಿ. ಪೂರ್ತಿ ಕೇಳಿದ ಮೇಲೆ ನೀವು ಬೈಯಬೇಕಾದದ್ದು ನನ್ನನ್ನು.)

ನನ್ನ ಕೆಲಸ ಏನು ಎಂದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಹೊಸಬರಿಗೆ ಹೇಳುತ್ತೇನೆ. ಡಲ್ಲಾಸಿನ ಒಂದು ಕಂಪನಿಯಲ್ಲಿ ನೌಕರರಿಗೆ ಸೈಬರ್ ಸೆಕ್ಯೂರಿಟಿ ಟ್ರೈನಿಂಗ್ ಕೊಡುವುದು. ಅಂದರೆ ನೆಮ್ಮದಿಯಾಗಿರುವ ಜನರನ್ನು ಕೂರಿಸಿಕೊಂಡು ಹೆದರಿಸುವುದು. ಆ ಲಿಂಕ್ ಒತ್ತಬೇಡಿ, ಈ ಫೈಲ್ ತೆರೆಯಬೇಡಿ, ಪಾಸ್‌ವರ್ಡನ್ನು ಹೆತ್ತ ತಾಯಿಗೂ ಹೇಳಬೇಡಿ. ಇದೇ ಪಾಠವನ್ನು ವರ್ಷಕ್ಕೆ ನಲವತ್ತು ಸಲ ಮಾಡುತ್ತೇನೆ. ಕೇಳುವವರು ಕ್ಯಾಮೆರಾ ಆಫ್ ಮಾಡಿಕೊಂಡು ಪಾತ್ರೆ ತೊಳೆಯುತ್ತಿರುತ್ತಾರೆ. ನನಗೂ ಗೊತ್ತು, ಅವರಿಗೂ ಗೊತ್ತು.

ಇಷ್ಟು ವರ್ಷದಲ್ಲಿ ನನ್ನ ಪಾಠವನ್ನು ಪೂರ್ತಿ ಕೇಳಿಸಿಕೊಂಡು, ನೋಟ್ಸ್ ಮಾಡಿಕೊಂಡು, ಅಕ್ಷರಶಃ ಪಾಲಿಸಿದ ವಿದ್ಯಾರ್ಥಿ ಒಬ್ಬರೇ. ನಮ್ಮ ಅತ್ತೆ.

ಅತ್ತೆಗೆ ಎಪ್ಪತ್ತಮೂರು. ಮೈಸೂರಿನವರು. ಅವರೂ ಮಾವನೂ ಟೆಕ್ಸಸ್ಸಿಗೆ ಬಂದು ಆರು ವರ್ಷವಾಯಿತು. ಇರುವುದು ನಮ್ಮ ಮನೆಯಲ್ಲಿ ಎಂದು ಹೆಸರು, ಆದರೆ ಕಾಲು ನಿಲ್ಲುವುದಿಲ್ಲ. ಎರಡು ತಿಂಗಳು ನಮ್ಮಲ್ಲಿದ್ದರೆ ಮೂರು ವಾರ ಹೂಸ್ಟನ್ನಿನಲ್ಲಿ ಮಗಳು ವಾಣಿಯ ಮನೆ. ದಾರಿಯಲ್ಲಿ ಆಸ್ಟಿನ್‌ಗೆ ಹೋಗಿ, ಅಲ್ಲಿ ಓದುತ್ತಿರುವ ನನ್ನ ಮಗಳು ನಿಧಿಯ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ದಿನ. ಅಲ್ಲಿ ಫ್ರಿಜ್ ತುಂಬ ಹುಳಿ, ಸಾರು, ಪಲ್ಯ ತುಂಬಿಸಿ ಮುಂದಿನ ಪ್ರಯಾಣ.

ಇಬ್ಬರ ವ್ಯವಹಾರವೆಲ್ಲ ಅತ್ತೆಯದೇ. ಮಾವನ ಪೆನ್ಷನ್ನು, ಇಮೇಲು, ಡಾಕ್ಟರ ಅಪಾಯಿಂಟ್‌ಮೆಂಟು, ಮೈಸೂರಿನ ಕರೆಂಟ್ ಬಿಲ್ಲು. ಎಲ್ಲದರ ಪಾಸ್‌ವರ್ಡ್ ಒಂದು ಕೆಂಪು ಡೈರಿಯಲ್ಲಿ ಬರೆದಿಡುತ್ತಿದ್ದರು. ಆ ಡೈರಿ ಯಾವಾಗಲೂ ಅತ್ತೆ ಇಲ್ಲದ ಊರಿನಲ್ಲಿ ಇರುತ್ತಿತ್ತು. ಅವರು ಹೂಸ್ಟನ್ನಿನಲ್ಲಿದ್ದರೆ ಡೈರಿ ನಮ್ಮ ಊಟದ ಮೇಜಿನ ಮೇಲೆ. ಅವರು ನಮ್ಮಲ್ಲಿಗೆ ಬಂದರೆ ಡೈರಿ ನಿಧಿಯ ಸೋಫಾದ ಸಂದಿಯಲ್ಲಿ. ಒಂದು ಸಲ ಲೈಬ್ರರಿಯಲ್ಲೇ ಮರೆತು ಬಂದಿದ್ದರು. ಅಲ್ಲಿಯ ಹುಡುಗಿ ಫೋನ್ ಮಾಡಿ, ನಿಮ್ಮ ಡೈರಿ ಸಿಕ್ಕಿದೆ, ಬ್ಯಾಂಕಿನ ಪುಟ ತೆರೆದುಕೊಂಡಿತ್ತು, ಮುಚ್ಚಿಟ್ಟಿದ್ದೇನೆ ಎಂದಳು.

ಅವತ್ತೇ ತೀರ್ಮಾನ ಮಾಡಿದೆ. ಮನೆಯಲ್ಲೇ ಟ್ರೈನಿಂಗ್. ಒಬ್ಬರೇ ವಿದ್ಯಾರ್ಥಿ.

ಪಾಸ್‌ವರ್ಡ್ ಮ್ಯಾನೇಜರ್ ಎಂದರೆ ದೊಡ್ಡ ವಿಷಯವೇನಲ್ಲ. ಎಲ್ಲ ಪಾಸ್‌ವರ್ಡುಗಳನ್ನೂ ಒಂದು ಫೈಲಿನಲ್ಲಿ ಹಾಕಿ ಬೀಗ ಜಡಿಯುವುದು. ಆ ಫೈಲನ್ನು ಕ್ಲೌಡಿನಲ್ಲಿ ಇಟ್ಟರೆ ಮೂರೂ ಊರಿನ ಟ್ಯಾಬ್ಲೆಟ್, ಲ್ಯಾಪ್‌ಟಾಪಿಗೆ ತಾನೇ ಇಳಿದು ಬರುತ್ತದೆ. ಆಸ್ಟಿನ್‌ನಲ್ಲಿ ಒಂದು ಸಾಲು ಸೇರಿಸಿದರೆ ಹೂಸ್ಟನ್ನಿನಲ್ಲೂ ಇರುತ್ತದೆ, ನಮ್ಮಲ್ಲೂ ಇರುತ್ತದೆ. ಅದನ್ನು ತೆರೆಯಲು ಎರಡು ಬೇಕು. ಒಂದು, ತಲೆಯಲ್ಲಿ ಮಾತ್ರ ಇರುವ ಮಾಸ್ಟರ್ ಪಾಸ್‌ವರ್ಡ್. ಇನ್ನೊಂದು, ಕೀ ಫೈಲ್ ಎಂಬ ಸಣ್ಣ ಫೈಲು. ಈ ಕೀ ಫೈಲನ್ನು ಮಾತ್ರ ಕ್ಲೌಡಿಗೆ ಹಾಕಬಾರದು. ಪ್ರತಿ ಸಾಧನಕ್ಕೂ ಪೆನ್ ಡ್ರೈವಿನಿಂದ ಕೈಯಾರೆ ಹಾಕಬೇಕು. ಬೀರುವನ್ನೂ ಬೀಗದ ಕೈಯನ್ನೂ ಒಂದೇ ಕಡೆ ಯಾರಾದರೂ ಇಡುತ್ತಾರೆಯೇ?

ನಾನು ಸ್ಲೈಡ್ ಹಾಕಿ ವಿವರಿಸಿದೆ. ಅತ್ತೆ ಹತ್ತಿಯ ಬತ್ತಿ ಹೊಸೆಯುತ್ತ ಕೇಳಿದರು. ಕೊನೆಗೆ, "ಅಂದ್ರೆ ಆ ಫೈಲು ಅನ್ನೋ ಪೆಟ್ಟಿಗೆಗೆ ಮಡಿಯಿಲ್ಲ, ಅದನ್ನ ಯಾರು ಬೇಕಾದ್ರೂ ಮುಟ್ಟಲಿ. ಕೀ ಫೈಲು ಮಾತ್ರ ಮಡಿ. ಕ್ಲೌಡಿಗೆ ತಗುಲಿದ್ರೆ ಮೈಲಿಗೆ. ಅಷ್ಟೇ ತಾನೆ?" ಎಂದರು.

ಅಷ್ಟೇ. ಹನ್ನೆರಡು ಸ್ಲೈಡು ದಂಡ.

ಮುಂದಿನ ಪ್ರವಾಸದಲ್ಲಿ ಪೆನ್ ಡ್ರೈವ್ ಅತ್ತೆಯ ಕುಂಕುಮದ ಡಬ್ಬಿಯಲ್ಲಿ ಆಸ್ಟಿನ್‌ಗೆ ಹೋಯಿತು, ಅಲ್ಲಿಂದ ಹೂಸ್ಟನ್ನಿಗೆ ಹೋಯಿತು. ಮೂರೂ ಕಡೆ ಕೀ ಫೈಲ್ ಕೂತಿತು. ಪೆನ್ ಡ್ರೈವ್ ಸ್ವಲ್ಪ ಕೆಂಪಾಗಿ ವಾಪಸ್ ಬಂತು.

ಆ ಪೆಟ್ಟಿಗೆಯನ್ನು ಅತ್ತೆ ಎಷ್ಟು ಹಚ್ಚಿಕೊಂಡರೆಂದರೆ, ಪಾಸ್‌ವರ್ಡ್ ಮಾತ್ರವಲ್ಲ, ನೆನಪಿಡಬೇಕಾದದ್ದೆಲ್ಲ ಅದರೊಳಗೆ. ಚಟ್ನಿಪುಡಿಯ ಅಳತೆ ಕೂಡ. ಒಂದು ಸಲ ಆಸ್ಟಿನ್‌ನಿಂದ ನಿಧಿ, ಹೂಸ್ಟನ್ನಿನಿಂದ ಅತ್ತೆ, ಇಬ್ಬರೂ ಒಂದೇ ಹೊತ್ತಿಗೆ ಏನೋ ಬದಲಾಯಿಸಿ, ಕ್ಲೌಡಿಗೆ ತಲೆ ಕೆಟ್ಟು, ಒಂದು ಪೆಟ್ಟಿಗೆ ಎರಡಾಗಿತ್ತು. (ನಿಧಿಗೆ ಪಾಸ್‌ವರ್ಡ್ ಗೊತ್ತಿರಲಿಲ್ಲ. ಆ ಸಲ ಆಸ್ಟಿನ್‌ನಿಂದ ಹೊರಡುವಾಗ ಅತ್ತೆಯೇ ಪೆಟ್ಟಿಗೆ ತೆರೆದುಕೊಟ್ಟು ಹೋಗಿದ್ದರು. ಪಾಸ್‌ವರ್ಡ್ ಟೈಪ್ ಮಾಡುವಾಗ ಮೊಮ್ಮಗಳಿಗೂ ಆ ಕಡೆ ತಿರುಗಿ ನಿಲ್ಲು ಎನ್ನುತ್ತಿದ್ದರಂತೆ.) ಅತ್ತೆ ತೆರೆದುಕೊಟ್ಟ ಮೇಲೆ ಎರಡನ್ನೂ ಸೇರಿಸಿ ಒಂದು ಮಾಡಲು ನನಗೆ ಒಂದು ಭಾನುವಾರ ಹಿಡಿಯಿತು. ಅಂದಿನಿಂದ ಅತ್ತೆ ಪೆಟ್ಟಿಗೆ ತೆರೆಯುವ ಮುಂಚೆ ಮೊಮ್ಮಗಳಿಗೆ ಫೋನ್ ಮಾಡಿ, ನಾನು ತೆರೀತಿದೀನಿ, ನೀನು ಮುಟ್ಟಬೇಡ ಎನ್ನುತ್ತಿದ್ದರು.

ಮಾಸ್ಟರ್ ಪಾಸ್‌ವರ್ಡ್ ಇಡುವ ದಿನ ನಾನು ಕೊಟ್ಟ ಸೂಚನೆ ನನಗೆ ಚೆನ್ನಾಗಿ ನೆನಪಿದೆ. "ಉದ್ದ ಇರಲಿ ಅತ್ತೆ, ಒಂದು ಪೂರ್ತಿ ವಾಕ್ಯ. ಕನ್ನಡ ಕೀಬೋರ್ಡಲ್ಲೇ ಟೈಪ್ ಮಾಡಿ. ನಿಮ್ಮನ್ನ ಬಲ್ಲವರು ಯಾರೂ ಊಹಿಸಬಾರದು. ನೀವು ಜನ್ಮದಲ್ಲಿ ಬಾಯಿಬಿಟ್ಟು ಆಡದಂಥ ಮಾತಾಗಿರಬೇಕು. ಯಾರಿಗೂ ಹೇಳಬಾರದು, ನನಗೂ."

ಅತ್ತೆ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. ಆಮೇಲೆ ನನಗೆ ಬೆನ್ನು ಮಾಡಿ ಟೈಪ್ ಮಾಡಿದರು. ಮುಖ ಯಾಕೋ ಕೆಂಪಾಗಿತ್ತು. ಹೊಸ ವಿದ್ಯೆಯ ಸಂಭ್ರಮ ಅಂದುಕೊಂಡೆ.

ಆ ಸಂಜೆ ಕೆಂಪು ಡೈರಿಯನ್ನು ನಾನೇ ಶ್ರೆಡರಿಗೆ ಹಾಕಿದೆ. ಒಂದೊಂದೇ ಪುಟ. ಭಾರಿ ಸಾಧನೆ ಮಾಡಿದವಳಂತೆ ಬೀಗಿದ್ದೆ.

ಈಗ ಆ ಶನಿವಾರಕ್ಕೆ ಬರೋಣ.

ಶುಕ್ರವಾರ ಮಧ್ಯಾಹ್ನ ವಾಣಿ ಆಸ್ಟಿನ್‌ಗೆ ಹೋಗಿ ಅಪ್ಪ ಅಮ್ಮನನ್ನು ಹೂಸ್ಟನ್ನಿಗೆ ಕರೆದುಕೊಂಡು ಬಂದಿದ್ದಳು. ಸಂಜೆಯ ಹೊತ್ತಿಗೆ ಮಾವನಿಗೆ ಹೊಟ್ಟೆನೋವು. ಆಸ್ಪತ್ರೆಗೆ ಹೋದರೆ ಪಿತ್ತಕೋಶದಲ್ಲಿ ಕಲ್ಲು, ಸೋಂಕು ಬೇರೆ, ತೆಗೆಯಲೇಬೇಕು ಎಂದರು. ಶನಿವಾರ ಮಧ್ಯಾಹ್ನ ಎಂದಿದ್ದ ಆಪರೇಷನ್ನು ಬೆಳಗ್ಗೆಗೇ ಬಂತು. ವಾಣಿ ಅತ್ತೆಯನ್ನು ಬಾಗಿಲಲ್ಲಿ ಇಳಿಸಿ ಕಾರ್ ನಿಲ್ಲಿಸಲು ಹೋದಳು. ಆ ಊರಿನ ಆಸ್ಪತ್ರೆಗಳ ಪಾರ್ಕಿಂಗ್ ಕಟ್ಟಡ ನೋಡಿದವರಿಗೆ ಗೊತ್ತು. ನೆಲದಡಿ ಹೊಕ್ಕರೆ ಫೋನಿಗೆ ಸಿಗ್ನಲ್ ಇಲ್ಲ, ಜಾಗ ಸಿಗುವವರೆಗೆ ಸುತ್ತುತ್ತಲೇ ಇರಬೇಕು.

ಅಷ್ಟರಲ್ಲಿ ನರ್ಸ್ ಬಂದು, ಇವರಿಗೆ ಯಾವುದಾದರೂ ಔಷಧಿ ಆಗುವುದಿಲ್ಲವೇ ಎಂದು ಕೇಳಿದ್ದಾಳೆ. ಆಗುವುದಿಲ್ಲ! ಎರಡು ವರ್ಷದ ಹಿಂದೆ ಡಲ್ಲಾಸಿನಲ್ಲಿ ಒಂದು ಆಂಟಿಬಯೋಟಿಕ್ ಕೊಟ್ಟಾಗ ಮೈಯೆಲ್ಲ ದದ್ದೆದ್ದು, ಮಾವನಿಗೆ ಉಸಿರು ಕಟ್ಟಿತ್ತು. ನಾನಾಗ ಮೈಸೂರಿನಲ್ಲಿದ್ದೆ. ಜೊತೆಗಿದ್ದದ್ದು ನನ್ನ ಗಂಡ ಪ್ರಸಾದ್. (ನಾನು ಗಂಡನ ಹೆಸರು ಹಿಡಿದು ಕರೆಯುವ ಪೈಕಿ. ಕೋಪ ಬಂದರೆ ಇನ್ನೂ ಜೋರಾಗಿ.) ಆ ಶನಿವಾರ ಪ್ರಸಾದ್ ಆಫೀಸಿನ ಕೆಲಸದ ಮೇಲೆ ವಿಮಾನದಲ್ಲಿದ್ದ. ವಾಣಿಯ ಫೋನ್ ಹತ್ತುತ್ತಿಲ್ಲ. ಆಸ್ಪತ್ರೆಯ ಫಾರ್ಮಿನಲ್ಲಿ ಕೊಟ್ಟಿದ್ದ ಎರಡನೇ ನಂಬರ್ ನನ್ನದು. ನರ್ಸ್ ಮಂಚದ ಪಕ್ಕದ ಫೋನಿನಿಂದ ನನಗೆ ಕರೆ ಮಾಡಿ ಅತ್ತೆಯ ಕೈಗೆ ಕೊಟ್ಟಳು.

"ಶುಭಾ, ಅವತ್ತು ಇವರಿಗೆ ಆಗದೇ ಹೋಯ್ತಲ್ಲ, ಆ ಔಷಧಿ ಹೆಸರು ಬೇಕಂತೆ."

"ಏನತ್ತೆ ಅದರ ಹೆಸರು?"

"ನಂಗೆ ನೆನಪಿದ್ರೆ ನಿಂಗ್ಯಾಕೆ ಫೋನ್ ಮಾಡಿಸ್ತಿದ್ದೆ? ಅದೇನು ನಾಲಿಗೇಲಿ ನಿಲ್ಲೋ ಹೆಸರಾ? ಡೈರೀಲಿ ಬರ್ಕೊಂಡಿದ್ದೆ. ನೀನು ಡೈರಿ ಹರಿಯೋ ಮುಂಚೆ ಅದನ್ನ ನಾನು ಪೆಟ್ಟಿಗೆಗೆ ಹಾಕ್ದೆ."

"ಟ್ಯಾಬ್ಲೆಟ್ ಎಲ್ಲಿ?"

"ಚೀಲ ಆಸ್ಟಿನ್‌ನಲ್ಲೇ ಉಳೀತು ಕಣಮ್ಮ. ಟ್ಯಾಬ್ಲೆಟ್ಟು, ನನ್ನ ಫೋನು, ಕನ್ನಡಕ, ಎಲ್ಲ ಅದರಲ್ಲೇ."

ಇನ್ನೊಂದು ಫೋನಿನಿಂದ ನಿಧಿಗೆ ಕರೆ ಮಾಡಿದೆ. ಚೀಲ ಅವಳ ಎದುರಿಗೇ ಇತ್ತು. "ಮಾಮ್, ಟ್ಯಾಬ್ಲೆಟ್ ಇದೆ, ಪಾಸ್‌ವರ್ಡ್ ಇಲ್ಲ. ಯೂ ಟೋಲ್ಡ್ ಹರ್ ನಾಟ್ ಟು ಟೆಲ್ ಎನಿಒನ್, ರಿಮೆಂಬರ್?" ಎಂದಳು.

ನೆನಪಿತ್ತು. ನನ್ನ ಲ್ಯಾಪ್‌ಟಾಪಿನಲ್ಲೂ ಪೆಟ್ಟಿಗೆ ಇತ್ತು, ಕೀ ಫೈಲ್ ಇತ್ತು. ವಾಣಿಯ ಮನೆಯ ಟ್ಯಾಬ್ಲೆಟ್ಟಿನಲ್ಲೂ ಇತ್ತು, ಆದರೆ ಆ ಮನೆ ಆಸ್ಪತ್ರೆಯಿಂದ ಮುಕ್ಕಾಲು ಗಂಟೆ. ಸಿಂಕ್ ಎಂದರೆ ಇದೇ ಅಲ್ಲವೇ? ಡಲ್ಲಾಸ್, ಆಸ್ಟಿನ್, ಹೂಸ್ಟನ್, ಮೂರೂ ಕಡೆ ಪೆಟ್ಟಿಗೆ ಒಂದು ಅಲ್ಪವಿರಾಮವೂ ವ್ಯತ್ಯಾಸವಿಲ್ಲದೆ ಹಾಜರಿತ್ತು. ಮೂರೂ ಕಡೆ ಮುಚ್ಚಿತ್ತು.

"ಅತ್ತೆ, ಪಾಸ್‌ವರ್ಡ್ ಹೇಳಿ. ನಾನಿಲ್ಲಿ ತೆರೀತೀನಿ."

ಅತ್ತೆ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಾಯಿಸಿದ ಸದ್ದು ಕೇಳಿಸಿತು.

"ನಾನೇ ಹೇಳ್ತಿದೀನಿ ಅತ್ತೆ. ಆ ರೂಲ್ಸು ಇವತ್ತು ಇಲ್ಲ."

"ಆಗಲ್ಲಮ್ಮ ಶುಭಾ."

ನನಗೆ ಅಳು, ಸಿಟ್ಟು ಎರಡೂ ಬಂತು. ಇಷ್ಟು ವಿಧೇಯ ವಿದ್ಯಾರ್ಥಿ ಯಾರಿಗೆ ಬೇಕು? ಸರಿ, ನಾನೇ ನನ್ನ ಮಡಿ ಮುರಿದೆ. ಪೆಟ್ಟಿಗೆಯನ್ನೂ ಕೀ ಫೈಲನ್ನೂ ಒಟ್ಟಿಗೆ ವಾಣಿಯ ವಾಟ್ಸಾಪಿಗೆ ಕಳಿಸಿದೆ. ಯಾರು ಏನು ಕೇಳಿದರೂ ಮಾಡಬೇಡಿ ಎಂದು ವರ್ಷಕ್ಕೆ ನಲವತ್ತು ಸಲ ಹೇಳುವ ಕೆಲಸ ಅದು. ವಾಣಿ ಬಂದರೆ ಅತ್ತೆ ಅವಳ ಫೋನಿನಲ್ಲಿ ತಾವೇ ಟೈಪ್ ಮಾಡಲಿ ಎಂಬ ಆಸೆ. ಒಂದೇ ಟಿಕ್ ಬಿತ್ತು. ಎರಡನೆಯದು ಬೀಳಲಿಲ್ಲ. ವಾಣಿ ಇನ್ನೂ ನೆಲದಡಿಯಲ್ಲಿ ಜಾಗ ಹುಡುಕುತ್ತಿದ್ದಳು.

ಫೋನಿನಲ್ಲಿ ನರ್ಸಿನ ದನಿ ಕೇಳಿಸಿತು. ಒಳಗೆ ಕರೆದೊಯ್ಯುವ ಮುಂಚೆ ನಿಯಮದ ಪ್ರಕಾರ ಇನ್ನೊಮ್ಮೆ ಕೇಳುತ್ತಿದ್ದಳು, ಇವರ ಹೆಸರೇನು ಹೇಳಿ. ಮಾವನಿಗೆ ನೋವಿನ ಇಂಜೆಕ್ಷನ್ನಿನ ಮಂಪರು. ಅತ್ತೆ ಹೇಳಬೇಕು. ಅತ್ತೆಯ ದನಿ ಬರಲಿಲ್ಲ. ಆಮೇಲೆ ನರ್ಸ್ ನಕ್ಕು, "ಓಹ್, ಕೈಪಟ್ಟಿ ತೋರಿಸ್ತಿದ್ದೀರಾ, ಅದೂ ಆಗುತ್ತೆ" ಎಂದದ್ದು ಕೇಳಿಸಿತು.

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು.

ಮಾವನ ಹೆಸರು ಸತ್ಯನಾರಾಯಣ. ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿದಾಗಲೆಲ್ಲ ಅತ್ತೆ ಎಲ್ಲರನ್ನೂ "ಹುಣ್ಣಿಮೆ ಪೂಜೆಗೆ ಬನ್ನಿ" ಎಂದೇ ಕರೆಯುತ್ತಾರೆ. ಪಕ್ಕದೂರು ಲಿಟಲ್ ಎಲ್ಮಿನ ಆಂಟಿಯೊಬ್ಬರು ಅಮಾವಾಸ್ಯೆಗೆ ಹತ್ತಿರದ ಒಂದು ದಿನ ಬಂದು, ಇದ್ಯಾವ ಹುಣ್ಣಿಮೆ ಎಂದು ಕೇಳಿದ್ದೂ ಉಂಟು. ಐವತ್ತೆರಡು ವರ್ಷದ ಸಂಸಾರದಲ್ಲಿ ಅತ್ತೆ ಗಂಡನ ಹೆಸರು ಹೇಳಿದ್ದನ್ನು ಯಾರೂ ಕೇಳಿಲ್ಲ. ನಾನು ಹೇಳಿಕೊಟ್ಟದ್ದೇನು? ಜನ್ಮದಲ್ಲಿ ಬಾಯಿಬಿಟ್ಟು ಆಡದಂಥ ಮಾತು.

"ಅತ್ತೆ, ಅದರಲ್ಲಿ ಮಾವನ ಹೆಸರಿದೆಯಾ?"

"ಹೂಂ" ಎಂದರು. ಆಮೇಲೆ ಪಿಸುದನಿಯಲ್ಲಿ, "ಬರೀ ಹೆಸರಾಗಿದ್ರೆ ಹೇಗೋ ಹೇಳ್ಬಿಡ್ತಿದ್ದೆ ಶುಭಾ. ವಾಕ್ಯ ಮಾಡು ಅಂದ್ಯಲ್ಲ. ಇವರು ಇಲ್ಲೇ ಮಲಗಿದಾರೆ. ಇವರೆದುರಿಗೆ ಹೇಗೆ ಹೇಳ್ಲಿ?"

(ಒಂದು ಚೀಟಿಯಲ್ಲಿ ಬರೆದು ನರ್ಸಿಗೆ ತೋರಿಸಬಹುದಿತ್ತಲ್ಲ ಎಂದು ಆಮೇಲೆ ಕೇಳಿದೆ. "ಕನ್ನಡದಲ್ಲಿ ಬರೆದದ್ದನ್ನ ಆ ಮಗು ಹೇಗೆ ಓದತ್ತೆ?" ಎಂದರು.)

"ಅತ್ತೆ," ಎಂದೆ, "ಮಾವನಿಗೆ ಮತ್ತೆ ಉಸಿರು ಕಟ್ಟಿದ್ರೆ?"

ಅತ್ತೆ ಏನೋ ಗುನುಗಿದರು. ತಿಳಿಯಲಿಲ್ಲ. ಇನ್ನೊಂದು ಸಲ ಅಂದರು. ಅದೂ ತಿಳಿಯಲಿಲ್ಲ. ನಾನು, "ಕೇಳಿಸ್ತಿಲ್ಲ ಅತ್ತೆ, ಜೋರಾಗಿ" ಎಂದು ಕಿರುಚಿದೆ.

ಆಗ ನಮ್ಮ ಅತ್ತೆ, ಆ ಇಡೀ ವಾರ್ಡಿಗೆ ಕೇಳುವ ಹಾಗೆ, ಬಾಯಿಬಿಟ್ಟು ಹೇಳಿದರು.

"ಸತ್ಯನಾರಾಯಣಾ, ಕಾಫಿ ಆರಿಹೋಗತ್ತೆ, ಬೇಗ ಬಾರೋ!"

ಆಮೇಲೆ ಫೋನಿನಲ್ಲಿ, ಎಲ್ಲೋ ಆಳದಿಂದ, ಮಂಪರಿನ ಒಳಗಿನಿಂದ, ಮಾವನ ದನಿ.

"ಬಂದೆ ಕಣೇ, ಬಂದೆ."

ನಾನು ಟೈಪ್ ಮಾಡುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಿಲ್ಲ. (ಈ ಅಂಕಣ ಬರೆಯಲೆಂದು ಹಾಕಿಸಿಕೊಂಡ ಕನ್ನಡ ಕೀಬೋರ್ಡು ಅವತ್ತು ನನ್ನ ಮಾನ ಉಳಿಸಿತು.) ಎರಡನೇ ಪ್ರಯತ್ನಕ್ಕೆ ಪೆಟ್ಟಿಗೆ ತೆರೆಯಿತು. ಒಳಗೆ ಉದ್ದದ ಪಟ್ಟಿ. ಇವರ ಬ್ಯಾಂಕು. ಇವರ ಇಮೇಲು. ಇವರ ಕನ್ನಡಕದ ನಂಬರು. ಇವರಿಗೆ ಇಷ್ಟವಾದ ಗೊಜ್ಜು. ಅದರ ಕೆಳಗೆ, ಇವರಿಗೆ ಆಗದ ಔಷಧಿ.

ಒಂದೊಂದೇ ಅಕ್ಷರ ನರ್ಸಿಗೆ ಓದಿ ಹೇಳಿದೆ. ಅವಳು ತಿರುಗಿ ಓದಿ ಹೇಳಿದಳು. ಆಪರೇಷನ್ನಿಗೆ ಮುಂಚೆ ಕೊಡಬೇಕೆಂದು ತಯಾರಿಟ್ಟಿದ್ದದ್ದು ಅದೇ ಜಾತಿಯ ಔಷಧಿಯಂತೆ. ಅದನ್ನು ತೆಗೆದಿಟ್ಟು ಬೇರೆಯದನ್ನು ತಂದರು. ಹತ್ತು ನಿಮಿಷದ ನಂತರ ವಾಣಿ ಏದುಸಿರು ಬಿಡುತ್ತ ಬಂದಾಗ ಮಾವನನ್ನು ಒಳಗೆ ಕರೆದೊಯ್ದಾಗಿತ್ತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದರಂತೆ. ಭಯಕ್ಕಲ್ಲ, ನಾಚಿಕೆಗೆ.

ಮಾವ ಈಗ ಆರಾಮಾಗಿದ್ದಾರೆ. ಸಾರನ್ನ ತಿನ್ನುತ್ತಾರೆ, ಹಪ್ಪಳಕ್ಕೆ ಆಸೆಪಡುತ್ತಾರೆ.

ಆ ವಾರವೆಲ್ಲ ನಾನು ಯೋಚಿಸುತ್ತಿದ್ದೆ. ಗಂಡನ ಹೆಸರು, ಹೆಂಡತಿಯ ಹೆಸರು, ನಾಯಿಯ ಹೆಸರು ಪಾಸ್‌ವರ್ಡಿಗೆ ಬಳಸಬೇಡಿ, ಕಳ್ಳ ಮೊದಲು ಊಹಿಸುವುದೇ ಅದನ್ನು ಎಂದು ನಾನು ಪಾಠ ಮಾಡುತ್ತೇನೆ. ಸರಿಯೇ. ಆದರೆ ಅತ್ತೆಯನ್ನು ಹತ್ತಿರದಿಂದ ಬಲ್ಲ ಯಾವ ಕಳ್ಳನೂ ಅದನ್ನು ಊಹಿಸುತ್ತಿರಲಿಲ್ಲ. ಇಪ್ಪತ್ತನಾಲ್ಕು ವರ್ಷದಿಂದ ಬಲ್ಲ ಸೊಸೆಯೇ ಊಹಿಸಲಿಲ್ಲವಲ್ಲ! ಪ್ರತಿದಿನ ಬೆಳಗ್ಗೆ ಮಾವ ಹಿತ್ತಲಲ್ಲಿ ಕರಿಬೇವಿನ ಗಿಡದ ಹತ್ತಿರ ನಿಂತು ಹೊತ್ತು ಮರೆಯುವಾಗ, ಅತ್ತೆ ಬಾಗಿಲಲ್ಲಿ ನಿಂತು "ಏನೂಂದ್ರೆ, ಕಾಫಿ" ಎನ್ನುತ್ತಿದ್ದರು. ಒಳಗೆ ಬಂದು ಟ್ಯಾಬ್ಲೆಟ್ ತೆರೆದು ಮನಸ್ಸಿನಲ್ಲಿ ಇದ್ದದ್ದನ್ನು ಟೈಪ್ ಮಾಡುತ್ತಿದ್ದರು.

ನನ್ನ ಪಾಸ್‌ವರ್ಡನ್ನು ಕಂಪ್ಯೂಟರ್ ಮಾಡಿಕೊಟ್ಟಿದೆ. ಮೂವತ್ತೆರಡು ಅಕ್ಷರ, ಅಂಕಿ, ಚಿಹ್ನೆ. ಭಾರಿ ಭದ್ರ. ಅದರಲ್ಲಿ ಪ್ರಸಾದ್ ಇಲ್ಲ, ನಿಧಿ ಇಲ್ಲ, ಯಾರೂ ಇಲ್ಲ. ಮೊದಲ ಸಲ ನನಗೆ ಅದು ಬೇಜಾರೆನಿಸಿತು.

ಒಂದು ಪಾಠವನ್ನಂತೂ ತಿದ್ದಿಕೊಂಡೆ. ಯಾವುದಕ್ಕೆ ಬೀಗ ಬೇಕು ಎಂದು ಕಲಿಸಿದ್ದೆ, ಯಾವುದಕ್ಕೆ ಬೇಡ ಎಂದು ಕಲಿಸಿರಲಿಲ್ಲ. ಆಗದ ಔಷಧಿಯ ಹೆಸರು ಈಗ ಮಾವನ ಪರ್ಸಿನಲ್ಲಿ, ದಪ್ಪ ಅಕ್ಷರದಲ್ಲಿ, ಕಾಗದದ ಮೇಲೆ ಇದೆ. ಯಾರು ಬೇಕಾದರೂ ಓದಲಿ. ನಿಮ್ಮ ಮನೆಯ ಹಿರಿಯರ ಜೇಬಿನಲ್ಲೂ ಒಂದು ಇರಲಿ.

ಹೋದ ಭಾನುವಾರ ಅವರಿಬ್ಬರೂ ಫ್ಲವರ್ ಮೌಂಡಿಗೆ ವಾಪಸ್ ಬಂದರು. ವಾಟ್ಸಾಪಿಗೆ ಹೋಗಿ ಮೈಲಿಗೆಯಾದ ಕೀ ಫೈಲನ್ನು ಬಿಸಾಕಿ ಹೊಸದನ್ನು ಮಾಡಿದೆ. ಮಾಸ್ಟರ್ ಪಾಸ್‌ವರ್ಡೂ ಹೊಸದಾಗಬೇಕಿತ್ತು. ಅತ್ತೆ ಎಂದಿನಂತೆ ನನಗೆ ಬೆನ್ನು ಮಾಡಿ ಟೈಪ್ ಮಾಡಿ ಮುಗಿಸಿದರು. ಮಾವ ಸೋಫಾದ ಮೇಲೆ ದಿಂಬಿಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದರು. ಕಾಫಿಯ ಲೋಟ ಎದುರಿಗೇ ಇತ್ತು, ಬೇಕೆಂದೇ ಮುಟ್ಟಿರಲಿಲ್ಲ.

"ಲೇ," ಎಂದರು, "ಕಾಫಿ ಆರ್ತಾ ಇದೆ. ಅವತ್ತು ಆಸ್ಪತ್ರೇಲಿ ಕರೆದ್ಯಲ್ಲ, ಹಾಗೆ ಇನ್ನೊಂದ್ಸಲ ಕರಿಯೇ. ಮಂಪರಲ್ಲಿ ಸರಿಯಾಗಿ ಕೇಳಿಸಲಿಲ್ಲ."

ಅತ್ತೆ ಟ್ಯಾಬ್ಲೆಟ್ ಮುಚ್ಚಿ, ಮಾವನ ಕಡೆ ನೋಡದೆ ಹೇಳಿದರು:

"ಅದು ಇನ್ನು ನಡೆಯಲ್ಲ ರೀ, ಪಾಸ್‌ವರ್ಡ್ ಚೇಂಜ್ ಆಗಿದೆ."